ಹದಿನೈದು ವರ್ಷ ಬಾಳುವ ಹಲ್ಲು

ನಮ್ಮ ಮನೆಗೆ ದೊಡ್ಡ ಪೊಟ್ಟಣ ಬರುವುದಿಲ್ಲ. ಉಪ್ಪಾದರೆ ಚಿಕ್ಕದು, ಸೋಪಾದರೆ ಒಂದೇ ಒಂದು. "ಎರಡು ಕೊಂಡ್ರೆ ಒಂದು ಬಿಟ್ಟಿ" ಅಂತ ಅಂಗಡಿಯವನು ಗಂಟಲು ಹರಿದುಕೊಂಡರೂ ನಮ್ಮವರು ಒಂದನ್ನೇ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಜಿಪುಣರು ಅಂತ ಅವನು ತಿಳಿದುಕೊಂಡಿದ್ದಾನೆ. ತಿಳಿದುಕೊಳ್ಳಲಿ. ಇಪ್ಪತ್ತೇಳು ವರ್ಷದ ಹಿಂದೆ ಒಬ್ಬ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ, "ಎರಡು ವರ್ಷ, ಹೆಚ್ಚೆಂದರೆ ಮೂರು" ಅಂದಿದ್ದರು. ಆವತ್ತಿನಿಂದ ಮನೆಗೆ ತರುವ ಯಾವ ಸಾಮಾನೂ ತಮಗಿಂತ ಹೆಚ್ಚು ದಿನ ಬಾಳಬಾರದು ಅಂತ ನಮ್ಮವರು ಹಟ ಹಿಡಿದಿದ್ದಾರೆ. ಆ ಡಾಕ್ಟರೇ ತೀರಿಹೋಗಿ ಎಷ್ಟೋ ಕಾಲವಾಯಿತು. ಅವರನ್ನು ಕಳಿಸಿಕೊಡುವಾಗ ಮುಂದೆ ನಿಂತು ಟ್ರಂಪೆಟ್ ನುಡಿಸಿದವರು ನಮ್ಮವರೇ.

ಅಡ್ಡಗೋಡೆ ಮೇಲೆ ದೀಪ ಇಡುವ ಅಭ್ಯಾಸ ನನಗಿಲ್ಲ, ಹೇಳಿಬಿಡುತ್ತೇನೆ. ನಮ್ಮಿಬ್ಬರಿಗೂ ಎಚ್‌ಐವಿ ಇದೆ. ಹೇಗೆ ಬಂತು ಅಂತ ಕೇಳುವವರು ಈಗಲೂ ಇದ್ದಾರೆ. ಬಾಗಿಲು ತಟ್ಟದೆ ಬಂತು ಅಂತ ಹೇಳಿ ಅಲ್ಲಿಗೇ ಮಾತು ಮುಗಿಸುತ್ತೇನೆ. ಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ಬಂದ ದಾರಿ ಕಟ್ಟಿಕೊಂಡು ಏನಾಗಬೇಕು? ರಾತ್ರಿ ಊಟವಾದ ಮೇಲೆ ಇಬ್ಬರೂ ಒಂದೊಂದು ಮಾತ್ರೆ ನುಂಗುತ್ತೇವೆ, ಪಕ್ಕದ ಮನೆಯವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹಾಗೆ. ರಕ್ತ ಪರೀಕ್ಷೆ ಮಾಡಿದಾಗಲೆಲ್ಲ ವೈರಸ್ಸು ಹುಡುಕಿದರೂ ಕಾಣಲಿಲ್ಲ ಅಂತಲೇ ರಿಪೋರ್ಟು ಬರುತ್ತದೆ. ಕಾಣುವುದೆಲ್ಲ ಬೇರೆ. ನನಗೆ ಮಂಡಿನೋವು, ಅವರಿಗೆ ಬಿಪಿ, ಇಬ್ಬರಿಗೂ ಕನ್ನಡಕ. ಮೊದಲ ಸಲ ಮಂಡಿ ಹಿಡಿದುಕೊಂಡು ಹೋದಾಗ ಡಾಕ್ಟರಮ್ಮ ಬೇರೇನೂ ಹೇಳದೆ, "ವಯಸ್ಸಾಯ್ತಲ್ಲಮ್ಮ, ಇನ್ನೇನು" ಅಂದರು. ಅವತ್ತು ನನಗೆ ಎಷ್ಟು ಖುಷಿಯಾಯಿತೆಂದರೆ, ಬರುವ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಮಂಡಿನೋವಿನ ಸುದ್ದಿ ಹೇಳಿಕೊಂಡು ಬಂದೆ. ಎಲ್ಲರಿಗೂ ಬರುವ ಕಾಯಿಲೆ ನನಗೂ ಬಂತು ಅಂತ.

ನಮ್ಮವರು ಬ್ಯಾಂಡಿನ ಮೇಷ್ಟ್ರು. ಮದುವೆಯಾಗಲಿ ಮೆರವಣಿಗೆಯಾಗಲಿ, ಮುಂದಿನ ಸಾಲಿನಲ್ಲಿ ಟ್ರಂಪೆಟ್ ಎತ್ತಿ ಹಿಡಿದು ನಡೆಯುವವರು ಅವರೇ. ನಾನು ಬ್ಯಾಂಡಿನ ಟೈಲರ್. ಕೆಂಪು ಕೋಟು, ಭುಜದ ಮೇಲೆ ಬಂಗಾರ ಬಣ್ಣದ ಜಾಲರಿ, ತೋಳಿಗೆ ಪಟ್ಟಿ, ಎಲ್ಲ ನನ್ನ ಮಿಷನ್ನಿನಲ್ಲೇ ಆಗಬೇಕು. ನಮಗೆ ಮಕ್ಕಳಿಲ್ಲ. ಅಷ್ಟು ಜನ ಗಂಡಸರ ಹರಿದ ಕಂಕುಳು ಹೊಲಿಯುವವಳಿಗೆ ಬೇರೆ ಮಕ್ಕಳು ಯಾಕೆ ಅಂತ ನಾನೇ ಹೇಳಿಕೊಂಡು ನಗುತ್ತೇನೆ.

ಇವರ ಕೋಟನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿದರೆ ನಮ್ಮ ಸಂಸಾರದ ಕಥೆ ಅಲ್ಲೇ ಇದೆ. ಮಾತ್ರೆ ಸಿಗದ ಕೆಟ್ಟ ವರ್ಷಗಳಲ್ಲಿ ಇವರು ಕಡ್ಡಿಯಾಗುತ್ತ ಹೋದರು, ನಾನು ಪಕ್ಕದ ಹೊಲಿಗೆಯನ್ನು ಒಳಗೆ ತೆಗೆದುಕೊಳ್ಳುತ್ತ ಹೋದೆ. ಉಳಿದ ಬಟ್ಟೆಯನ್ನು ಮಾತ್ರ ಕತ್ತರಿಸಲಿಲ್ಲ. "ಕತ್ತರಿಸಿ ಬಿಸಾಕೇ, ಪಕ್ಕೆಗೆ ಒತ್ತುತ್ತೆ" ಅಂತ ಇವರು ಗೊಣಗಿದರೂ ಕತ್ತರಿ ಮುಟ್ಟಲಿಲ್ಲ. ಒಳಗೆ ಬಟ್ಟೆ ಬಿಡದೆ ಹೊಲಿಯುವವಳು ಟೈಲರೇ ಅಲ್ಲ. ಮಾತ್ರೆ ಶುರುವಾದ ಮೇಲೆ ಒಂದೊಂದೇ ಹೊಲಿಗೆ ಬಿಚ್ಚುತ್ತ ಬಂದೆ. ಈಗ ಒಳಗೆ ಬಿಟ್ಟಿದ್ದೆಲ್ಲ ಖರ್ಚಾಗಿ, ಹೋದ ವರ್ಷ ಎರಡೂ ಪಕ್ಕಕ್ಕೆ ಹೊಸ ತುಂಡು ಸೇರಿಸಿದ್ದೇನೆ. ಆ ಹೊಟ್ಟೆಯನ್ನು ನೋಡಿದಾಗ ನನಗಾಗುವ ಸಂತೋಷ ಇನ್ನೊಬ್ಬರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು ಹೇಳಬೇಕು. ಇವರಿಗೊಂದು ಶಿಳ್ಳೆ ಇದೆ. ನಾಲಿಗೆಯನ್ನು ಮುಂದಿನ ಹಲ್ಲಿಗೆ ತಾಗಿಸಿ ಹಾಕುವ ಶಿಳ್ಳೆ, ಎರಡು ಸ್ವರ ಕೆಳಗೆ, ಒಂದು ಮೇಲೆ. ಮದುವೆಗೆ ಮೊದಲು ನಮ್ಮಪ್ಪನ ಮನೆಯ ಕಿಟಕಿಯ ಕೆಳಗೆ ನಿಂತು ಹಾಕುತ್ತಿದ್ದರು. ನಾನು ಹೊಲಿಯುತ್ತಿದ್ದುದನ್ನು ಬಿಟ್ಟು "ಬಂದೆ" ಅಂತ ಕೂಗುತ್ತಿದ್ದೆ. "ಯಾರಿಗೇ ಹೇಳಿದೆ ಬಂದೆ ಅಂತ?" ಅಂತ ನಮ್ಮಮ್ಮ ಗದರಿಸುತ್ತಿದ್ದಳು. ಮದುವೆಯಾದ ಮೇಲೂ ಆ ಚಾಳಿ ಬಿಡಲಿಲ್ಲ. ಬೀದಿಯ ತಿರುವಿಗೆ ಬಂದ ಕೂಡಲೇ ಶಿಳ್ಳೆ, ನಾನು ಒಳಗಿನಿಂದ "ಬಂದೆ" ಅಂದು ಬಾಗಿಲು ತೆಗೆಯುವುದು. ಬಾಗಿಲು ತೆರೆದೇ ಇದ್ದರೂ "ಬಂದೆ" ಅನ್ನಬೇಕು.

ಆ ಶಿಳ್ಳೆ ಇದ್ದಕ್ಕಿದ್ದಂತೆ ನಿಂತುಹೋಯಿತು. ನಾನು ಏನೇನೋ ಯೋಚಿಸಿದೆ. ಕಾರಣ ಗೊತ್ತಾಗಿದ್ದು ಬ್ಯಾಂಡಿನ ಶೆಡ್ಡಿನಲ್ಲಿ.

ಟೈರ್ ಅಂಗಡಿಯ ಹಿಂದಿನ ಶೆಡ್ಡು ಅದು. ತಗಡಿನ ಮಾಡು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಕೋಟುಗಳು, ಹಿತ್ತಾಳೆ ತಿಕ್ಕುವ ಪುಡಿಯ ವಾಸನೆ, ಮೂಲೆಯಲ್ಲಿ ದೊಡ್ಡ ಡ್ರಮ್ಮು. ತಾಳ ಹಾಕುವವನ ಕೋಟಿನ ಅಳತೆ ತೆಗೆಯಲು ಟೇಪು ಹಿಡಿದು ಹೋಗಿದ್ದೆ. ಅಭ್ಯಾಸ ನಡೆದಿತ್ತು. ಇವರು ಒಂದು ಮೇಲಿನ ಸ್ವರಕ್ಕೆ ಏರಿದರು, ಸ್ವರ ಒಡೆದು ಬಾತುಕೋಳಿ ಕೂಗಿದ ಹಾಗಾಯಿತು. ನಲವತ್ತು ವರ್ಷದಿಂದ ಒಡೆಯದ ಸ್ವರ. ಎಲ್ಲರೂ ನಿಲ್ಲಿಸಿದರು. ಇವರು ಟ್ರಂಪೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಮೌತ್‌ಪೀಸ್ ಸರಿಯಿಲ್ಲ" ಅಂದರು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ" ಅಂತ ಡ್ರಮ್ಮಿನ ಹಿಂದಿನಿಂದ ಗುಡುಗು ಹೇಳಿದ. ಗುಡುಗು ಅನ್ನುವುದು ಡ್ರಮ್ಮು ಬಾರಿಸುವವನ ಅಡ್ಡಹೆಸರು. ಇವರಿಗಿಂತ ಎರಡು ವರ್ಷ ಚಿಕ್ಕವನು, ಗೆಳೆಯನೂ ಹೌದು ತಮ್ಮನೂ ಹೌದು, ಬಾಯಿ ತೆರೆದರೆ ಗಾದೆ. "ಬಾಯಿ ಬಿಡಿ ಮೇಷ್ಟ್ರೇ, ನೋಡೋಣ."

ಬಿಡಲಿಲ್ಲ. ಕರ್ಚೀಫಿನಿಂದ ತುಟಿ ಒರೆಸಿಕೊಂಡರು, ಅದರಲ್ಲಿ ಚೂರು ರಕ್ತ ಕಂಡಿತು. ಮನೆಗೆ ಹೋದ ಮೇಲೆ ನಾನು ದವಡೆ ಹಿಡಿದು ನೋಡಿಯೇ ಬಿಟ್ಟೆ. ಮೇಲಿನ ಮುಂದಿನ ಎರಡು ಹಲ್ಲು, ಮುಟ್ಟಿದರೆ ಬಾಗಿಲಿನ ಹಾಗೆ ಆಡುತ್ತಿದ್ದವು. ಟ್ರಂಪೆಟ್ ನುಡಿಸುವವನಿಗೆ ತುಟಿಯ ಹಿಂದೆ ಆ ಎರಡು ಹಲ್ಲೇ ಗೋಡೆ. ಗೋಡೆ ಬಿದ್ದರೆ ತುಟಿ ಒತ್ತುವುದು ಯಾವುದಕ್ಕೆ?

ಅದು ಬೀಳುವುದಕ್ಕೆ ಅದೇ ವರ್ಷ ಆಗಬೇಕಿತ್ತು. ಯಾಕೆಂದರೆ ಇವರು ಕೊಟ್ಟ ಒಂದು ಮಾತಿನ ಗಡುವು ಆ ವರ್ಷವೇ ಬಂದಿತ್ತು. ಆ ಮಾತಿನ ಕಥೆಯನ್ನು ಮೊದಲಿನಿಂದ ಹೇಳಬೇಕು.

ಡಾಕ್ಟರು ಎರಡು ವರ್ಷ ಅಂದ ಮೇಲೆ ಬೇರೆ ಗಂಡಸರು ಅಳುತ್ತಾರೆ, ಕುಡಿಯುತ್ತಾರೆ. ನಮ್ಮವರು ಟ್ಯೂನು ಕಟ್ಟಿದರು. ತಮ್ಮ ಸಾವಿಗೆ ತಾವೇ. "ಕಂಡವರ ಸಾವಿಗೆಲ್ಲ ನುಡಿಸಿದೀನಿ, ನನ್ನ ಸಾವಿಗೆ ಯಾವುದೋ ಹಳೇ ಟ್ಯೂನು ಬೇಡ" ಅಂತ. ನಿಧಾನದ, ಉದ್ದುದ್ದ ಉಸಿರಿನ ಟ್ಯೂನಂತೆ ಅದು. ಬ್ಯಾಂಡಿಗೆ ಕಲಿಸಿದರು, ವಾರಕ್ಕೊಮ್ಮೆ ಅಭ್ಯಾಸ ಮಾಡಿಸಿದರು, ಆ ದಿನ ಬಂದಾಗ ತಪ್ಪಬಾರದಲ್ಲ. ನಾನು ಕೇಳುವುದಿಲ್ಲ ಅಂತ ಆಣೆ ಮಾಡಿದ್ದೆ. ಮನೆಯಲ್ಲಿ ಗುನುಗಿದರೂ ಮಿಷನ್ನಿನ ಮುಂದೆ ಕೂತು, ಬಟ್ಟೆಯಿಲ್ಲದೆ ಬರೀ ಪೆಡಲು ತುಳಿಯುತ್ತಿದ್ದೆ.

ಎರಡು ವರ್ಷ ಹೋಯಿತು, ಮೂರು ಹೋಯಿತು. ಇವರು ಸಾಯಲಿಲ್ಲ. ಅಭ್ಯಾಸ ನಿಲ್ಲಲಿಲ್ಲ. ಸಾಯದವನ ಸಾವಿನ ಟ್ಯೂನನ್ನು ಎಷ್ಟು ದಿನ ಅಳುತ್ತ ನುಡಿಸುತ್ತೀರಿ? ಅದು ತಾನಾಗಿಯೇ ಚುರುಕಾಗುತ್ತ ಬಂತು. ಒಂದು ವರ್ಷ ನಡಿಗೆ, ಮರುವರ್ಷ ಬಿರುಸು ನಡಿಗೆ, ಆಮೇಲೆ ಓಟ. ಒಂದು ಮದುವೆಯಲ್ಲಿ ಹುಡುಗರು ಇನ್ನೊಂದು ಇನ್ನೊಂದು ಅಂತ ಬಿಡದೆ, ಬರುವ ಟ್ಯೂನೆಲ್ಲ ಮುಗಿದುಹೋಗಿ, ಗುಡುಗು ಇದನ್ನೇ ಎತ್ತಿಬಿಟ್ಟ. ಮದುಮಗಳ ಅಜ್ಜಿಯೂ ಎದ್ದು ಕುಣಿದಳು. ಅಲ್ಲಿಂದ ಮುಂದೆ ಈ ಟ್ಯೂನು ಇಲ್ಲದೆ ಯಾವ ಮದುವೆಯೂ ಮುಗಿಯಲಿಲ್ಲ. ಮದುಮಗಳ ಅಪ್ಪ ಬಂದು, "ಚೆನ್ನಾಗಿದೆಯಲ್ಲ, ಯಾವ ಟ್ಯೂನಿದು?" ಅಂತ ಕೇಳಿದರೆ ಗುಡುಗು ಮುಖ ಗಂಟು ಹಾಕಿಕೊಂಡು, "ನಮ್ಮ ಮೇಷ್ಟ್ರ ಹೆಣದ ಮುಂದೆ ಬಾರಿಸೋಕೆ ಮಾಡಿದ್ದು" ಅನ್ನುತ್ತಾನೆ. ತಮಾಷೆ ಅಂತ ಅವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಓಡುವ ಟ್ಯೂನನ್ನು ನಾನೂ ಕೇಳಿದ್ದೇನೆ, ಅದಕ್ಕೆ ಆಣೆ ಅಡ್ಡ ಬರುವುದಿಲ್ಲ.

ಮಾತು ಕೊಟ್ಟಿದ್ದು ಆಸ್ಪತ್ರೆಯ ಸಿಸ್ಟರಿಗೆ. ಮಾತ್ರೆ ಹೊಸದಾಗಿ ಶುರುವಾದ ಕಾಲ. ಈಗಿನ ಹಾಗೆ ಒಂದಲ್ಲ, ಮುಷ್ಟಿ ತುಂಬ. ತಲೆ ತಿರುಗುವುದು, ಹುಚ್ಚು ಕನಸು, ಊಟ ಕಂಡರೆ ವಾಕರಿಕೆ. ಸಾಕು ಇದು, ಅಂತ ಇವರು ಡಬ್ಬ ವಾಪಸ್ಸು ಕೊಡಲು ಹೋದರು. ಆಗ ಸಿಸ್ಟರಿನ ತಲೆಗೂದಲು ಕಪ್ಪಗಿತ್ತು, ಬಾಯಿ ಈಗಿನಷ್ಟೇ ಜೋರಾಗಿತ್ತು. ಡಬ್ಬವನ್ನು ಇವರ ಕಡೆಗೇ ತಳ್ಳಿ, "ಸಾಯೋಕೆ ಟ್ಯೂನು ಮಾಡ್ಕೊಂಡಿದೀರಂತೆ. ನನಗೂ ಕೇಳಬೇಕು. ನಾನು ರಿಟೈರ್ ಆಗೋ ದಿನ ಬಂದು ನುಡಿಸಿ, ಮಾತು ಕೊಡಿ" ಅಂದರು. ಅವರ ರಿಟೈರ್‌ಮೆಂಟು ಇನ್ನೂ ಬೆಟ್ಟದಾಚೆ ಇತ್ತು. ಇವರು ಕೈ ಮೇಲೆ ಕೈ ಹಾಕಿ ಮಾತು ಕೊಟ್ಟರು. ಮೆಟ್ಟಿಲಿಳಿಯುವಾಗ ನನ್ನ ಕಿವಿಯಲ್ಲಿ, "ಕೊಡೋದು ಕೊಟ್ಟಾಯ್ತು. ಉಳಿಸ್ಕೊಳ್ಳೋಕೆ ನಾನೆಲ್ಲಿರ್ತೀನಿ" ಅಂದು ಕಣ್ಣು ಮಿಟುಕಿಸಿದರು.

ಈಗ ಅದೇ ಸಿಸ್ಟರು, ತಲೆಯೆಲ್ಲ ಬೆಳ್ಳಗಾಗಿ, ಅದೇ ಮೇಜಿನ ಹಿಂದೆ ಕೂತು, ಇವರ ಮುಖವನ್ನೇ ನೋಡುತ್ತ ಹೇಳಿದರು. "ಮೇಷ್ಟ್ರೇ, ಮಳೆಗಾಲ ಮುಗೀತಿದ್ದ ಹಾಗೆ ನಾನು ಮನೆಗೆ. ಮಾತು ನೆನಪಿದೆ ತಾನೇ? ಮದುವೇಲಿ ಓಡಿಸ್ತೀರಲ್ಲ, ಅದಲ್ಲ. ನೀವು ಮೊದಲು ಮಾಡಿದ್ದು. ನಿಧಾನದ್ದು."

ಇವರು ಬಾಯಿ ಮುಚ್ಚಿಕೊಂಡೇ ತಲೆ ಆಡಿಸಿದರು. ಬಾಯಿ ತೆರೆದರೆ ಹಲ್ಲು ಕಾಣುತ್ತದಲ್ಲ.

ಮನೆಗೆ ಬಂದವರೇ ಟ್ರಂಪೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದರು. "ಕ್ಲಾರಿನೆಟ್‌ನವನು ನುಡಿಸ್ತಾನೆ ಬಿಡು" ಅಂದರು.

"ಮಾತು ಕೊಟ್ಟಿದ್ದು ಕ್ಲಾರಿನೆಟ್‌ನವನಾ?"

"ಹಲ್ಲು ಕಟ್ಟಿಸ್ಕೊಂಡು, ತುಟಿಗೆ ಮತ್ತೆ ಮೊದಲಿಂದ ಪಾಠ ಹೇಳಿ... ಈ ವಯಸ್ಸಲ್ಲಿ ಅದೆಲ್ಲ ಯಾಕೆ? ಇನ್ನೆಷ್ಟು ದಿನ ಇರ್ತೀನಿ ಅಂತ."

ನನಗೆ ಸಿಟ್ಟು ಬಂದರೆ ಕೈಯಲ್ಲಿದ್ದುದನ್ನು ಮೊದಲು ಕೆಳಗಿಡುತ್ತೇನೆ, ಕತ್ತರಿ ಹಿಡಿದು ಬದುಕುವವಳಿಗೆ ಅಷ್ಟು ಎಚ್ಚರ ಬೇಕು. ಕತ್ತರಿ ಕೆಳಗಿಟ್ಟೆ. "ಇನ್ನೆಷ್ಟು ದಿನ, ಇನ್ನೆಷ್ಟು ದಿನ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಗೋಡೆಗೆ ಬಣ್ಣ ಹೊಡೆಸೋಣ ಅಂದ್ರೆ ಇನ್ನೆಷ್ಟು ದಿನ. ಒಳ್ಳೇ ಮಂಚ ತರೋಣ ಅಂದ್ರೆ ಇನ್ನೆಷ್ಟು ದಿನ. ಇಪ್ಪತ್ತೇಳು ವರ್ಷ ಗೂಟ ಹೊಡ್ಕೊಂಡು ಕೂತವರು ಆಡೋ ಮಾತಾ ಇದು? ಸಾಯೋರು ಹೇಳಿದ ಟೈಮಿಗೆ ಸಾಯ್ಬೇಕಿತ್ತು. ಆ ಬಸ್ಸು ಹೋಯ್ತು, ತಪ್ಪಿಸ್ಕೊಂಡ್ರಿ. ಇನ್ನು ಬದುಕೋ ಕೆಲಸ ನೋಡಿ."

ಇವರು ಮಂಚದ ಮೇಲೆ ಕೂತರು. ಆಮೇಲೆ ಸಣ್ಣ ದನಿಯಲ್ಲಿ, "ಸಾಯೋದು ಹೇಗೆ ಅಂತ ಚೆನ್ನಾಗಿ ಕಲ್ತಿದ್ದೆ ಕಣೇ. ಮುದುಕ ಆಗೋದು ಹೇಗೆ ಅಂತ ನನಗೆ ಗೊತ್ತಿಲ್ಲ" ಅಂದರು.

ನನ್ನ ಸಿಟ್ಟೆಲ್ಲ ನೀರಾಯಿತು. ತೋರಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು, "ನನಗೆ ಮಾತ್ರ ಗೊತ್ತಾ? ಇಬ್ಬರೂ ಸೇರಿ ಕಲಿಯೋಣ. ಮೊದಲ ಪಾಠ ಹಲ್ಲು" ಅಂದೆ.

ಇವರು ಹೆದರಿದ್ದು ಇನ್ನೊಂದಕ್ಕೆ, ಅದೂ ನನಗೆ ಗೊತ್ತಿತ್ತು. ಬಹಳ ಹಿಂದೆ ಒಬ್ಬ ಹಲ್ಲಿನ ಡಾಕ್ಟರು ಇವರ ಆಸ್ಪತ್ರೆಯ ಚೀಟಿ ಓದಿದವನೇ ಕೈಗವಸು ಬಿಚ್ಚಿಟ್ಟು, "ನಾಳೆ ಬನ್ನಿ" ಅಂದಿದ್ದ. ನಾಳೆ ಹೋದರೂ ನಾಳೆ ಬನ್ನಿ, ನಾಡಿದ್ದು ಹೋದರೂ ನಾಳೆ ಬನ್ನಿ. ಕೊನೆಗೆ ಇವರು ನನ್ನ ಮಿಷನ್ನಿನ ದಾರ ಕಟ್ಟಿ ದವಡೆ ಹಲ್ಲನ್ನು ತಾವೇ ಕಿತ್ತುಕೊಂಡಿದ್ದರು. ಅಲ್ಲಿಂದ ಆ ಕಡೆ ತಲೆ ಹಾಕಿದವರಲ್ಲ.

ಈ ಸಲದ ಡಾಕ್ಟರು ಒಬ್ಬ ಹುಡುಗಿ. ಕಾಯುವ ಕೋಣೆ ತುಂಬಿತ್ತು. ನಮ್ಮ ಸರದಿ ಬಂದಾಗ ಇವರು ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತು, ನಲವತ್ತು ವರ್ಷ ಊದಿದ ಎದೆಯ ಪೂರ್ತಿ ಗಾಳಿಯಲ್ಲಿ, "ನನಗೆ ಎಚ್‌ಐವಿ ಇದೆ" ಅಂದರು. ನಾಳೆ ಬನ್ನಿ ಅನ್ನುವುದಾದರೆ ಈಗಲೇ ಅನ್ನಲಿ ಅಂತ. ಹಿಂದಿನ ಬೆಂಚಿನಲ್ಲಿ ಮಗು ಅಳುವುದನ್ನು ನಿಲ್ಲಿಸಿತು.

ಹುಡುಗಿ ತಲೆ ಎತ್ತಿ, "ಸರಿ. ಮಾತ್ರೆ ತಗೋತಿದೀರಾ?" ಅಂದಳು.

"ತಪ್ಪದೆ."

"ಬಿಪಿ, ಶುಗರ್?"

"ಬಿಪಿ ಇದೆ."

"ಬನ್ನಿ, ಕೂತ್ಕೊಳ್ಳಿ."

ಬಾಯೊಳಗೆ ದೀಪ ಬಿಟ್ಟು ನೋಡಿದವಳು ಬೈಯಲು ಶುರುಮಾಡಿದಳು. ಎಷ್ಟು ವರ್ಷದಿಂದ ತೋರಿಸಿಲ್ಲ, ವಸಡಿನ ಗತಿ ಏನಾಗಿದೆ, ಬ್ರಷ್ಷನ್ನು ಅಡ್ಡಡ್ಡ ಉಜ್ಜಿ ಉಜ್ಜಿ ಹಲ್ಲಿನ ಬುಡ ಸವೆಸಿದ್ದೀರಿ, ಇಷ್ಟು ವಯಸ್ಸಾದರೂ ಹಲ್ಲುಜ್ಜಲು ಬರುವುದಿಲ್ಲವೇ. ಬಾಯಿ ತೆರೆದುಕೊಂಡೇ ಇವರು ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದರು. ಅಷ್ಟು ಸಂತೋಷದಿಂದ ಬೈಸಿಕೊಂಡವರನ್ನು ನಾನು ಕಂಡಿಲ್ಲ. ಎಲ್ಲ ಮುದುಕರಿಗೆ ಬೈಯುವ ಹಾಗೆಯೇ ಅವಳು ಇವರಿಗೂ ಬೈದಳು.

ಆ ಎರಡನ್ನು ಕಿತ್ತು, ಗಾಯ ಮಾಗಿದ ಮೇಲೆ, ಅಕ್ಕಪಕ್ಕದ ಗಟ್ಟಿ ಹಲ್ಲಿನ ಆಸರೆಯಲ್ಲಿ ಕದಲದ ಹಾಗೆ ಹೊಸ ಹಲ್ಲು ಕೂರಿಸುತ್ತೇನೆ ಅಂದಳು. ಟ್ರಂಪೆಟ್ ನುಡಿಸಬಹುದೇ ಅಂತ ಕೇಳಿದೆ. ನುಡಿಸಬಹುದು, ಆದರೆ ತುಟಿಗೆ ಅಭ್ಯಾಸವಾಗಲು ತಿಂಗಳುಗಳೇ ಬೇಕು, ಅವಸರ ಮಾಡಬಾರದು. ಆಮೇಲೆ ಕೈ ತೊಳೆದುಕೊಳ್ಳುತ್ತ, ತೀರಾ ಮಾಮೂಲು ದನಿಯಲ್ಲಿ ಹೇಳಿದಳು. "ಚೆನ್ನಾಗಿ ನೋಡ್ಕೊಂಡ್ರೆ ಹದಿನೈದು ವರ್ಷ ಬಾಳುತ್ತೆ ಅಂಕಲ್. ಆಮೇಲೆ ಒಂದ್ಸಲ ಬದಲಾಯಿಸ್ಬೇಕಾಗಬಹುದು."

"ಆಮೇಲಾ?" ಅಂದರು ಇವರು.

"ಹ್ಞೂಂ. ಹದಿನೈದು ವರ್ಷ ಆದ್ಮೇಲೆ."

ಇವರು ನಗಲು ಶುರುಮಾಡಿದರು. ಕುರ್ಚಿಯ ಕೈ ಹಿಡಿದುಕೊಂಡು, ಹೊಟ್ಟೆ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಹುಡುಗಿಗೆ ಗಾಬರಿಯಾಯಿತು. ಅವಳಿಗೇನು ಗೊತ್ತು, ಇವರಿಗೆ ಮೂರು ವರ್ಷಕ್ಕಿಂತ ಹೆಚ್ಚು ಯಾರೂ ಕೊಟ್ಟಿರಲಿಲ್ಲ ಅಂತ. ಅದರ ಮೇಲೆ ಇನ್ನೊಂದು "ಆಮೇಲೆ" ಬೇರೆ.

ಅವತ್ತು ಬರುವ ದಾರಿಯಲ್ಲಿ ನಾನು ದಾರದ ಅಂಗಡಿಗೆ ನುಗ್ಗಿದೆ. ಯಾವಾಗಲೂ ಚಿಕ್ಕ ಉರುಳೆ ಕೊಳ್ಳುವವಳು ಅವತ್ತು ದೊಡ್ಡ ಕೋನ್ ತೆಗೆದುಕೊಂಡೆ, ಕೆಂಪು ದಾರದ್ದು, ಕಾರ್ಖಾನೆಯವರು ಕೊಳ್ಳುವಂಥದ್ದು. ಇವರು ಅದನ್ನು ನೋಡಿ, "ಇದು ಯಾವ ಕಾಲಕ್ಕೆ ಮುಗೀಬೇಕು?" ಅಂದರು.

"ನಿಮ್ಮ ಹಲ್ಲು ಮುಗಿಯೋ ಹೊತ್ತಿಗೆ ಮುಗಿಯುತ್ತೆ" ಅಂದೆ. ಅದನ್ನು ತಾವೇ ಹೊತ್ತುಕೊಂಡು ಬಂದರು.

ಹಲ್ಲು ಕೂತಿತು. ಟ್ರಂಪೆಟ್ಟು ಮಂಚದ ಕೆಳಗಿನಿಂದ ಹೊರಗೆ ಬಂತು. ಬೀದಿಯವರಿಗೆ ಕಷ್ಟಕಾಲ ಶುರುವಾಯಿತು. ಮೊದಲ ವಾರ ಬರೀ ಗಾಳಿ. ಎರಡನೇ ವಾರ ಹೊಟ್ಟೆ ಕೆಟ್ಟ ಎಮ್ಮೆಯ ಸದ್ದು. ಮೂರು ಊರಿಗೆ ಮೇಷ್ಟ್ರಾದವರು ಗೋಡೆಗೆ ಮುಖ ಮಾಡಿ ನಿಂತು ಒಂದೇ ಸ್ವರವನ್ನು ಊದುವುದು, ಅದು ಜಾರುವುದು, ಮತ್ತೆ ಊದುವುದು. ಪಕ್ಕದ ಮನೆಯಾಕೆ ಬಂದು, "ಯಾರಿಗಾದರೂ ಪಾಠ ಹೇಳ್ತಿದಾರಾ? ಶಿಷ್ಯ ತುಂಬಾ ದಡ್ಡ ಇರೋ ಹಾಗಿದೆ" ಅಂದಳು. "ಹೌದಮ್ಮ, ಅರವತ್ತು ದಾಟಿದ ಶಿಷ್ಯ, ಅರಳುಮರಳು" ಅಂದೆ. ಒಳಗಿನಿಂದ ಸಿಟ್ಟಿನ ಒಂದು ಸ್ವರ ಬಂತು. ಅದೇ ಮೊದಲ ಶುದ್ಧ ಸ್ವರ.

ಮಳೆಗಾಲ ಮುಗಿಯುತ್ತ ಬಂದಾಗ ಸ್ವರಗಳು ಕೂತಿದ್ದವು, ವೇಗ ಮಾತ್ರ ಬರಲಿಲ್ಲ. ಶೆಡ್ಡಿನಲ್ಲಿ ಓಡುವ ಟ್ಯೂನು ಎತ್ತಿಕೊಂಡರೆ ಎರಡು ಸಾಲಿನೊಳಗೆ ತುಟಿ ಸೋಲುತ್ತಿತ್ತು. ನಿಧಾನಕ್ಕಾದರೆ ಕೊನೆಯವರೆಗೆ ನಡೆಯುತ್ತಿತ್ತು. ಸಿಸ್ಟರ್ ಕೇಳಿದ್ದೂ ಅದನ್ನೇ. ಈಗ ತೊಂದರೆ ಗುಡುಗಿನದು. ಅವನ ಕೈ ನಿಲ್ಲುತ್ತಿರಲಿಲ್ಲ. ನಿಧಾನ ಅಂತ ಶುರುಮಾಡಿದರೂ ನಾಲ್ಕು ಪೆಟ್ಟಿನಲ್ಲಿ ಡ್ರಮ್ಮು ಕುದುರೆಯಾಗುತ್ತಿತ್ತು. "ಓಡಿಸ್ಬೇಡವೋ, ಹಲ್ಲು ಉದುರಿದ್ರೆ ನೀನೇ ಕಟ್ಟಿಸ್ಕೊಡ್ಬೇಕು" ಅಂತ ಇವರು ಬೈದರು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಮೇಷ್ಟ್ರೇ" ಅಂತ ಅವನು ಬೇರೆ ಕಡೆ ನೋಡಿದ. ಹಿಂದಿನ ದಿನದವರೆಗೂ ಅವನ ಕೈ ಹಿಡಿತಕ್ಕೆ ಬರಲಿಲ್ಲ. ಇಷ್ಟನ್ನು ಇವರು ಮನೆಗೆ ಬಂದು ಹೇಳಿದ್ದು. ಶೆಡ್ಡಿಗೆ ನಾನು ಹೋಗಲಿಲ್ಲ, ನನ್ನ ಆಣೆ ಇನ್ನೂ ಹಾಗೇ ಇತ್ತು.

ಸಿಸ್ಟರಿನ ಬೀಳ್ಕೊಡುಗೆಗೆ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಹಾಲ್‌ನಲ್ಲೇ ಏರ್ಪಾಡು. ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಆ ಬೆಂಚುಗಳ ಮೇಲೆ ಒಂದು ಕಾಲದಲ್ಲಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ, ಸೆರಗಿನಲ್ಲೋ ಪೇಪರಿನಲ್ಲೋ ಮುಖ ಮುಚ್ಚಿಕೊಂಡು ಕೂರುತ್ತಿದ್ದೆವು. ಅವತ್ತು ಅವರೇ ಬಂದಿದ್ದರು, ಉಳಿದವರು. ಒಬ್ಬರಿಗೆ ಬೋಳುತಲೆ, ಒಬ್ಬರಿಗೆ ಊರುಗೋಲು, ಒಬ್ಬಾಕೆಗೆ ಎರಡು ಗಲ್ಲ. ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಇಬ್ಬರು ಕೈ ಕೈ ಮಿಲಾಯಿಸುವಷ್ಟು ಜಗಳವಾಡುತ್ತಿದ್ದರು. ಇಲ್ಲದವರ ನೆನಪಾಗಿ ಒಂದು ಗಳಿಗೆ ಎದೆ ಭಾರವಾಯಿತು. ಹಾಗೆಯೇ ಇಷ್ಟು ಜನ ಮುದಿಯಾಗಿದ್ದೇವಲ್ಲ ಅಂತ ಹಿಗ್ಗಿತು ಕೂಡ.

ಭಾಷಣ ಮುಗಿಯಿತು. ಸಿಸ್ಟರ್ ಎದ್ದು, "ಮೇಷ್ಟ್ರೇ, ನನ್ನದು ಬಾಕಿ ಇದೆ" ಅಂದರು.

ನಾನು ಹೊರಗೆ ಹೋಗಬೇಕೆಂದು ಎದ್ದೆ. ಬಾಗಿಲ ತುಂಬ ಜನ. ಅಲ್ಲಿ ಪೆಡಲು ತುಳಿಯಲು ಮಿಷನ್ನೂ ಇರಲಿಲ್ಲ. ಕೂತೆ.

ಇವರು ಟ್ರಂಪೆಟ್ ಎತ್ತಿದರು. ಕೆಂಪು ಕೋಟಿನ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದು ನಿಂತಿದ್ದವು. ಮೊದಲ ಸ್ವರ ಸ್ವಲ್ಪ ನಡುಗಿತು, ಆಮೇಲೆ ಹಲ್ಲಿಗೆ ಒತ್ತಿ ನಿಂತಿತು. ಮದುವೆಗಳಲ್ಲಿ ನೂರಾರು ಸಲ ಕೇಳಿದ ಟ್ಯೂನೇ, ಆದರೆ ನನಗೆ ಗುರುತೇ ಸಿಗಲಿಲ್ಲ. ಅದು ಆತುರವಿಲ್ಲದೆ ನಡೆಯುತ್ತಿತ್ತು, ಒಂದೊಂದು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಗುಡುಗಿನ ಕೈ ಅವತ್ತು ಓಡಲಿಲ್ಲ. ಒಂದು ಪೆಟ್ಟು, ಆಮೇಲೆ ಕಾಯುವುದು, ಇನ್ನೊಂದು ಪೆಟ್ಟು. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ನಡುವೆ ಎಲ್ಲ ವಾದ್ಯಗಳೂ ನಿಂತವು. ಟ್ರಂಪೆಟ್ಟು ಒಂದೇ ಉಳಿಯಿತು. ಎರಡು ಸ್ವರ ಕೆಳಗೆ, ಒಂದು ಮೇಲೆ.

ಬೀದಿಯ ತಿರುವಿನ ಶಿಳ್ಳೆ. ನಮ್ಮಪ್ಪನ ಕಿಟಕಿಯ ಕೆಳಗಿನ ಶಿಳ್ಳೆ. ಓಟದಲ್ಲಿ ಅದು ಪಕ್ಕದ ಸ್ವರಗಳಲ್ಲಿ ಕೊಚ್ಚಿಹೋಗುತ್ತಿತ್ತು, ಇಷ್ಟು ವರ್ಷ ಅಲ್ಲೇ ಇದ್ದರೂ ನನಗೆ ಕೇಳಿಸಿರಲಿಲ್ಲ. ನನ್ನ ಬುದ್ಧಿಗಿಂತ ಮೊದಲು ನನ್ನ ಬಾಯಿಗೆ ಗುರುತು ಸಿಕ್ಕಿತು. ನಿಶ್ಶಬ್ದವಾಗಿದ್ದ ಆ ಹಾಲ್‌ನಲ್ಲಿ ಎದ್ದು ನಿಂತು ಗಟ್ಟಿಯಾಗಿ ಅಂದುಬಿಟ್ಟೆ, "ಬಂದೆ."

ಇಡೀ ಹಾಲ್ ನಕ್ಕಿತು. ಇವರಿಗೆ ನಗು ತಡೆಯಲಾಗದೆ ಮುಂದಿನ ಸ್ವರ ಬಾತುಕೋಳಿಯಾಯಿತು. ಸಿಸ್ಟರ್ ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕರು. ಗುಡುಗಿಗೆ ಅಷ್ಟು ಸಾಕಾಯಿತು. ಡ್ರಮ್ಮು ಕುದುರೆಯಾಯಿತು, ಟ್ಯೂನು ಮದುವೆಗೆ ಓಡಿತು. ಇವರು ತುಟಿ ಸೋತು ಟ್ರಂಪೆಟ್ ಇಳಿಸಿದರು, ಕ್ಲಾರಿನೆಟ್‌ನವನು ಎತ್ತಿಕೊಂಡ. ಊರುಗೋಲಿನವರು ಗೋಲನ್ನು ಗೋಡೆಗೆ ಒರಗಿಸಿ ಕುಣಿದರು.

ಎಲ್ಲ ಮುಗಿದ ಮೇಲೆ ಗುಡುಗು ಡ್ರಮ್ಮಿನ ಪಟ್ಟಿ ಬಿಚ್ಚುತ್ತ ನನ್ನ ಹತ್ತಿರ ಬಂದ. "ಅತ್ತಿಗೆ, ಟ್ಯೂನು ತಾನಾಗಿ ಓಡಿದ್ದಲ್ಲ, ನಾನೇ ಓಡಿಸಿದ್ದು. ಆಗೆಲ್ಲ ನಿಧಾನಕ್ಕೆ ಬಾರಿಸಿದ್ರೆ ಮೇಷ್ಟ್ರು ಮಲಗಿರೋದೇ ಕಣ್ಣಿಗೆ ಬರ್ತಿತ್ತು. ಬೇಗ ಬಾರಿಸಿದ್ರೆ ಬರ್ತಿರ್ಲಿಲ್ಲ." ಅವನಿಗೆ ಗಾದೆ ಯಾವುದೂ ಸಿಗಲಿಲ್ಲ. "ಇವತ್ತು ಅವರ ಹೊಟ್ಟೆಯನ್ನೇ ನೋಡ್ಕೊಂಡು ಬಾರಿಸ್ದೆ."

ಮನೆಯ ದಾರಿ ಹಿಡಿದೆವು. ಅರ್ಧ ದೂರ ಬಂದೆವು. ಆಮೇಲೆ ತಡೆಯಲಾಗಲಿಲ್ಲ.

"ಏನ್ರೀ, ನಿಮ್ಮ ಹೆಣದ ಮುಂದೆ ಅಷ್ಟು ಜನರ ಎದುರಿಗೆ ನನ್ನನ್ನ ಶಿಳ್ಳೆ ಹಾಕಿ ಕರೀಬೇಕು ಅಂತಿದ್ರಾ?"

"ಹೋಗೋಕೆ ಮೊದಲು ಒಂದ್ಸಲ ಕರೆಯೋಣ ಅನ್ನಿಸ್ತು" ಅಂದರು. "ನೀನು ಬಂದೆ ಅಂದ್ರೆ ಸಾಕಿತ್ತು. ನೀನು ನೋಡಿದ್ರೆ ಇಷ್ಟು ವರ್ಷ ಕಿವಿ ಮುಚ್ಕೊಂಡೇ ಕೂತೆ."

"ಮುಚ್ಕೊಂಡಿದ್ದಕ್ಕೇ ನೀವು ಉಳ್ಕೊಂಡ್ರಿ" ಅಂದೆ. ನನ್ನ ದನಿ ಒಡೆಯಿತು. ಒಡೆದರೆ ಒಡೆಯಲಿ ಅಂತ ಬಿಟ್ಟೆ, ಮೇಷ್ಟ್ರ ದನಿಯೇ ಒಡೆಯುವ ಕಾಲವಿದು. "ಇನ್ನು ಹದಿನೈದು ವರ್ಷ ಮನೆ ಹತ್ರಾನೇ ಕರೀರಿ. ಆಮೇಲಿಂದು ಆಮೇಲೆ."

"ಆಮೇಲೆ ಹಲ್ಲು ಬದಲಾಯಿಸ್ಬೇಕು" ಅಂದರು.

ಬೀದಿಯ ತಿರುವು ಬಂತು. ಇವರು ಅಲ್ಲೇ ನಿಂತು, ನಾಲಿಗೆಯನ್ನು ಹೊಸ ಹಲ್ಲಿಗೆ ತಾಗಿಸಿದರು. ಮೊದಲು ಬರೀ ಗಾಳಿ ಬಂತು. ಇನ್ನೊಂದು ಸಲ ಊದಿದರು. ಎರಡು ಕೆಳಗೆ, ಒಂದು ಮೇಲೆ, ಸ್ವಲ್ಪ ಸೊಟ್ಟಗೆ, ಆದರೂ ಅದೇ.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ, ಮನೆಗೆ ಬೀಗ ಹಾಕಿತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು. ಆದರೂ "ಬಂದೆ" ಅಂದೆ.